ಬೆಟ್ಟದ ಮುಂದೆ ನಿಂತ ಸ್ಕೂಟರ್

ಕೋಸಗಿ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ಆಂಜಿನೇಯ,

ಹೆಸರು ಹಿಡಿದು ಬರೆದಿದ್ದೇನೆ. ಅತ್ತೆ ಮಾವನಿಗೆ ಕಾಗದ ಓದಿ ಹೇಳುವಾಗ ಈ ಸಾಲನ್ನು ಹಾರಿಸಿ ಓದುತ್ತೇನೆ, ನೀವು ಚಿಂತೆ ಮಾಡಬೇಡಿ. ಮೊದಲು ನಿಮ್ಮ ಕಾಲಿನ ಬೆರಳುಗಳು ಹೇಗಿವೆ ಹೇಳಿ. ಡಿಸೆಂಬರಿನ ಕಾಗದದಲ್ಲಿ ಎಡಗಾಲಿನ ಎರಡು ಬೆರಳು ಮರಗಟ್ಟಿದಂತೆ ಇರುತ್ತವೆ ಎಂದು ಬರೆದು, ಅದರ ಮುಂದಿನ ಸಾಲಿನಲ್ಲೇ ಇಲ್ಲಿ ಎಲ್ಲ ಆರಾಮ ಎಂದಿದ್ದಿರಿ. ಎರಡರಲ್ಲಿ ಯಾವುದನ್ನು ನಂಬಬೇಕು? ಉಣ್ಣೆಯ ಕಾಲುಚೀಲ ಮೂರು ಜೊತೆ ಕಳಿಸಿದ್ದೆ, ಶೇಂಗಾ ಉಂಡೆಯ ಡಬ್ಬಿಯ ಜೊತೆಗೆ. ಡಬ್ಬಿ ಮುಟ್ಟಿತೋ, ಬರೀ ಎಣ್ಣೆಯ ವಾಸನೆ ಮುಟ್ಟಿತೋ ತಿಳಿಸಿ. ಡಿಸೆಂಬರ್ ಕೊನೆಗೆ ನೀವು ನಾಲ್ಕು ನಿಮಿಷ ಮಾತಾಡಿದಿರಲ್ಲ, ಅದರಲ್ಲಿ ಎರಡು ನಿಮಿಷ ಗಾಳಿಯೇ ಮಾತಾಡಿತು. ಆಮೇಲೆ ಫೋನಿಲ್ಲ, ಕಾಗದವಿಲ್ಲ. ಹಿಮ ಬಿದ್ದು ಮಿಲಿಟರಿ ಠಾಣೆಗಳ ದಾರಿ ಮುಚ್ಚಿದೆ ಎಂದು ಟಿವಿಯಲ್ಲಿ ತೋರಿಸುತ್ತಾರೆ. ಆ ಬಿಳಿಯ ಗುಡ್ಡಗಳಲ್ಲಿ ನೀವು ಯಾವುದರ ಮೇಲೆ ಇದ್ದೀರಿ ಎಂದು ಅತ್ತೆ ಕೇಳುತ್ತಾರೆ, ನಾನು ಬಾಯಿಗೆ ಬಂದ ಗುಡ್ಡ ತೋರಿಸುತ್ತೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅತ್ತೆಯ ಮೊಣಕಾಲು ನೋವು ಚಳಿ ಇಳಿದ ಮೇಲೆ ಕಡಿಮೆಯಾಗಿದೆ. ಸಂಕ್ರಾಂತಿಗೆ ನಾಗಲದಿನ್ನೆಯ ತವರಿಗೆ ಹೋಗಿ ಹೊಳೆಯಲ್ಲಿ ಮಿಂದು ಬಂದ ಮೇಲೆ ಅವರ ನಡಿಗೆಯೇ ಬೇರೆಯಾಗಿದೆ. ಮಾವನ ಕೆಮ್ಮು ಹೋಗಿದೆ. ನಾನು ಮೊದಲಿನಷ್ಟೇ ದಪ್ಪ ಇದ್ದೇನೆ. ಈಗ ಸುದ್ದಿಗೆ ಬರುತ್ತೇನೆ. ಸುದ್ದಿ ಏನೆಂದರೆ, ನಮ್ಮ ಮನೆಗೆ ಒಂದು ಸ್ಕೂಟರ್ ಬಂದಿದೆ. ಬೂದು ಬಣ್ಣದ್ದು, ಎರಡೂವರೆ ವರ್ಷ ಹಳೆಯದು, ನನ್ನ ಹೆಸರಿನಲ್ಲಿ ಇದೆ. ಅದು ಬಂದ ದಾರಿ ಮಾತ್ರ ನೇರವಾಗಿರಲಿಲ್ಲ. ಅದನ್ನು ನಿಧಾನವಾಗಿ ಹೇಳುತ್ತೇನೆ, ನಿಮಗೆ ಅಲ್ಲಿ ಓದಲು ಬೇರೆ ಏನೂ ಇಲ್ಲ ಎಂದು ನನಗೆ ಗೊತ್ತು.

ಸಂಕ್ರಾಂತಿ ಮುಗಿದ ಮೇಲೆ ನಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಜನ ಲಾರಿ ಹತ್ತಿ ಹೋಗಿಬಿಟ್ಟರು. ನನ್ನ ಶಾಲೆಯ ಹಳ್ಳಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಹತ್ತುವವರಿಲ್ಲದ ಮೇಲೆ ಶೇರ್ ಆಟೋದವರು ಯಾರಿಗಾಗಿ ಓಡಿಸುತ್ತಾರೆ? ಬೆಳಿಗ್ಗೆ ಒಂದು ಆಟೋ, ಸಂಜೆ ಸಿಕ್ಕರೆ ಸಿಕ್ಕಿತು. ರಜೆ ಮುಗಿದು ಶಾಲೆ ತೆರೆದ ಮೊದಲ ದಿನವೇ ನಾನು ಆರು ಕಿಲೋಮೀಟರ್ ನಡೆದು ಬಂದೆ. ಮನೆಗೆ ಬಂದು ಚಪ್ಪಲಿ ಕಳಚಿ ಕಾಲು ಒತ್ತಿಕೊಳ್ಳುತ್ತಿದ್ದಾಗ ಮಾವ ಅಂಗಳದಲ್ಲಿ ಕೂತು ನೋಡುತ್ತಿದ್ದರು. ಹೋದ ವರ್ಷವೂ ಇದೇ ಕಾಲದಲ್ಲಿ ನಾನು ಹೀಗೆಯೇ ನಡೆದಿದ್ದೆ. ಈ ವರ್ಷ ಸೊಸೆ ನಡೆಯಬಾರದು ಎಂದು ಅವರು ಸಂಕ್ರಾಂತಿಗೆ ಮುಂಚೆಯೇ ಗುಟ್ಟಾಗಿ ಏನೋ ನಡೆಸಿದ್ದರು ಎಂದು ನನಗೆ ಮರುದಿನ ತಿಳಿಯಿತು.

ಮರುದಿನ ಮಂಗಳವಾರ. ಮಕ್ಕಳಿಗೆ ಊಟ ಬಡಿಸುವ ಹೊತ್ತು. ಗೋವರ್ಧನನ ಫೋನು ಬಂತು. ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನಲ್ಲ, ಫೋನಿನಿಂದ ಹಣ ಕಳಿಸಿ ಕೊಡುತ್ತಾನಲ್ಲ, ಅವನೇ. ದನಿ ತಗ್ಗಿಸಿ ಮಾತಾಡಿದ. ನಿಮ್ಮ ಮಾವ ಮೊನ್ನೆ ಯಾರಿಗೋ ಎರಡು ಸಾವಿರದ ನೂರು ಕಳಿಸಿದರು, ಇವತ್ತು ಒಂಬತ್ತು ಸಾವಿರದ ಎಂಟುನೂರು ಕಳಿಸು ಅನ್ನುತ್ತಿದ್ದಾರೆ, ಮಿಲಿಟರಿಯವನಿಗೆ ಅನ್ನುತ್ತಾರೆ, ಆದರೆ ನಂಬರ್ ಒತ್ತಿದರೆ ಯಾವುದೋ ಹೆಣ್ಣುಮಗಳ ಹೆಸರು ಬರುತ್ತದೆ, ಮೊನ್ನೆ ಬಂದ ಹೆಸರೂ ಇದಲ್ಲ ಎಂದ. ನನಗೆ ಕೈಯಲ್ಲಿದ್ದ ಸೌಟು ಇಡಲು ಜಾಗ ಕಾಣಲಿಲ್ಲ. ಕಳಿಸಬೇಡ, ಸರ್ವರ್ ಬಿದ್ದಿದೆ ಎಂದು ಹೇಳಿ ಮಾವನನ್ನು ಕೂರಿಸಿಕೋ ಎಂದೆ. ಹೆಡ್ ಮೇಷ್ಟ್ರಿಗೆ ಅರ್ಧ ದಿನದ ರಜೆ ಹೇಳಿ, ಹತ್ತಿ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನ ಮುಂದೆ ಡ್ರೈವರ್ ಪಕ್ಕದ ಗಾಲಿಯ ತಗಡಿನ ಮೇಲೆ ಕೂತು ಕೋಸಗಿಗೆ ಬಂದೆ. ನಿಮ್ಮ ಹೆಂಡತಿ ಹಾಗೆ ಬಂದದ್ದನ್ನು ನೋಡಿದವರು ಬಹಳ ಇದ್ದಾರೆ, ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳಿ.

ಮಾವ ಅಂಗಡಿಯ ಬೆಂಚಿನ ಮೇಲೆ ರುಮಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ಕಂಡು ಗುಟ್ಟು ಒಡೆದುಹೋಯಿತಲ್ಲ ಎಂದು ಮುಖ ಸಣ್ಣ ಮಾಡಿಕೊಂಡರು, ಸಿಟ್ಟಾಗಲಿಲ್ಲ. ಆಮೇಲೆ ಒಂದೊಂದೇ ಹೇಳಿದರು. ನೀವು ಕೊಡಿಸಿದ ಫೋನಿನಲ್ಲಿ ಮೈಕಿನ ಗುರುತು ಒತ್ತಿ ಹಳೇ ಸ್ಕೂಟರ್ ಬೇಕು ಎಂದು ಬಾಯಲ್ಲಿ ಹೇಳಿದರಂತೆ. ಚಿತ್ರಗಳು ಸಾಲಾಗಿ ಬಂದವಂತೆ. ಒಂದರ ಕೆಳಗೆ ಮಾರುವವನ ಫೋಟೋ, ಅವನು ಸಮವಸ್ತ್ರದಲ್ಲಿ ಇದ್ದಾನೆ. ಇವರು ಅದನ್ನೇ ಒತ್ತಿದರು. ಸಿಕಂದರಾಬಾದಿನ ದಂಡಿನಲ್ಲಿ ಇದ್ದೇನೆ, ಮೇಲೆ ಹಿಮದ ಕಡೆಗೆ ವರ್ಗವಾಗಿದೆ, ಗಾಡಿ ಒಯ್ಯಲಾಗುವುದಿಲ್ಲ, ಇಪ್ಪತ್ತೆಂಟು ಸಾವಿರಕ್ಕೆ ಕೊಟ್ಟುಬಿಡುತ್ತೇನೆ ಎಂದನಂತೆ. ಗಾಡಿಯ ಹಣ ಈಗ ಬೇಡ, ಮಿಲಿಟರಿ ಲಾರಿಯಲ್ಲಿ ನಿಮ್ಮ ಬಾಗಿಲಿಗೇ ಬರುತ್ತದೆ, ನೋಡಿ ಕೊಡಿ ಎಂದನಂತೆ. ಬರೀ ಗೇಟ್ ಪಾಸಿನ ಹಣ ಎರಡು ಸಾವಿರದ ನೂರು. ಅದು ಹೋದ ಮೇಲೆ ಲಾರಿಯ ಬಾಡಿಗೆ ಒಂಬತ್ತು ಸಾವಿರದ ಎಂಟುನೂರು, ಅದೂ ಗಾಡಿ ಮುಟ್ಟಿದ ಮೇಲೆ ವಾಪಸ್ಸು. ನಂಬಿಕೆಗೆ ಎಂದು ತನ್ನ ಗುರುತಿನ ಚೀಟಿ ಕಳಿಸಿದ್ದ, ಮೊಹರು ಒತ್ತಿದ ಒಂದು ರಸೀದಿ ಕಳಿಸಿದ್ದ. ಮಾವ ಅವನ್ನು ನನಗೆ ತೋರಿಸುವಾಗ ಎರಡೂ ಕೈಯಲ್ಲಿ ಫೋನು ಹಿಡಿದಿದ್ದರು.

ನೀವು ಕೇಳುತ್ತೀರಿ, ನಮ್ಮಪ್ಪ ಈ ಬಲೆಗೆ ಹೇಗೆ ಬಿದ್ದ ಎಂದು. ಎತ್ತು ಕೊಳ್ಳುವವರು ಹತ್ತು ಹಳ್ಳಿಯಿಂದ ಬಂದು ಯಾರನ್ನು ಕರೆದುಕೊಂಡು ಸಂತೆಗೆ ಹೋಗುತ್ತಾರೋ ಆ ದುರುಗಣ್ಣ. ಬಾಯಿ ತೆರೆಸಿ ಹಲ್ಲು ನೋಡದೆ, ಹತ್ತು ಹೆಜ್ಜೆ ನಡೆಸದೆ ಹಗ್ಗ ಮುಟ್ಟದ ಮನುಷ್ಯ. ನಾನೂ ಅದನ್ನೇ ಕೇಳಿದೆ. ಇಷ್ಟು ಅಗ್ಗ ಯಾಕೆ ಎಂದು ನಿಮಗೆ ಅನ್ನಿಸಲಿಲ್ಲವೇ ಎಂದೆ. ಅವಸರದಲ್ಲಿ ಇದ್ದಾನೆ ಪಾಪ, ಫೌಜಿನವನು ಎಂದರು, ಅಷ್ಟೇ.

ನಾನು ಗೋವರ್ಧನನ ಮೇಜಿನ ಮೇಲೆ ಫೋನಿಟ್ಟು ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಐದು ಇದ್ದವು. ನಾಲ್ಕರಲ್ಲಿ ನಂಬರ್ ಅಳಿಸಿದ್ದ. ಐದನೆಯದು ಪಕ್ಕದಿಂದ ತೆಗೆದದ್ದು, ಅದರಲ್ಲಿ ಅಳಿಸಲು ಮರೆತಿದ್ದ. ಆದರೆ ನನ್ನ ಕಣ್ಣು ನಿಂತದ್ದು ನಂಬರಿನ ಮೇಲಲ್ಲ. ಸ್ಕೂಟರಿನ ಹಿಂದೆ ನೀಲಿ ಗೇಟು, ಗೇಟಿನ ಮೇಲೆ ಒಂದು ಬೆಟ್ಟ. ಆದೋನಿಯ ಹಾಸ್ಟೆಲಿನಲ್ಲಿ ಎರಡು ವರ್ಷ ನಾನು ಹಲ್ಲುಜ್ಜಿದ್ದೇ ಆ ಬೆಟ್ಟ ನೋಡುತ್ತ. ರಣಮಂಡಲದ ಬೆಟ್ಟವನ್ನು ಯಾವ ಕಡೆಯಿಂದ ತೋರಿಸಿದರೂ ನಾನು ಗುರುತು ಹಿಡಿಯುತ್ತೇನೆ. ಸಾಲದ್ದಕ್ಕೆ ಗಾಡಿಯ ಚಕ್ರದ ಸುತ್ತ ನೆಲದ ಮೇಲೆ ಹತ್ತಿಯ ಎಳೆ ಹಾರಿ ಬಿದ್ದಿತ್ತು. ಸಿಕಂದರಾಬಾದಿನ ದಂಡಿನಲ್ಲಿ ಹತ್ತಿ ಯಾರು ಹಿಂಜುತ್ತಾರೆ? ಸರ್ಕಾರದ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದೆ. ಗಾಡಿ ನೋಂದಣಿಯಾದದ್ದು ಆದೋನಿಯಲ್ಲಿ. ಒಡೆಯರ ಹೆಸರಿನಲ್ಲಿ ನಾಲ್ಕಕ್ಷರ ಮಾತ್ರ ಕಾಣುತ್ತಿತ್ತು, ಉಳಿದದ್ದು ಚುಕ್ಕಿ. ಆ ನಾಲ್ಕಕ್ಷರ ಚೀಟಿಯಲ್ಲಿದ್ದ ಹೆಸರಿಗೆ ಹೊಂದುತ್ತಿರಲಿಲ್ಲ.

ಅಷ್ಟರಲ್ಲಿ ಅವನೇ ಫೋನು ಮಾಡಿದ. ನಾನು ಎತ್ತಿ ಎಲ್ಲರಿಗೂ ಕೇಳುವಂತೆ ಇಟ್ಟೆ. ಬಹಳ ಮರ್ಯಾದೆಯ ಹಿಂದಿ. ಮೊದಲು ನಾನೂ ಮರ್ಯಾದೆಯಲ್ಲೇ ಕೇಳಿದೆ. ಗಾಡಿಯ ಪಕ್ಕ ನಿಂತು ವೀಡಿಯೋ ಕಾಲ್ ಮಾಡಿ ಎಂದೆ. ಕ್ಯಾಂಪಿನಲ್ಲಿ ಅಪ್ಪಣೆ ಇಲ್ಲ ಎಂದ. ಸರಿ, ಸಿಕಂದರಾಬಾದಿನಲ್ಲಿ ನಮ್ಮವರೊಬ್ಬರು ಇದ್ದಾರೆ, ಗೇಟಿನ ಹೊರಗೆ ಬರುತ್ತಾರೆ, ಪೂರಾ ಹಣ ಕೈಯಲ್ಲಿ ತರುತ್ತಾರೆ, ನೀವು ಗಾಡಿ ಮತ್ತು ಆರ್‌ಸಿ ತಂದು ಕೊಟ್ಟು ಹಣ ತೆಗೆದುಕೊಳ್ಳಿ ಎಂದೆ. ಇಪ್ಪತ್ತೆಂಟು ಸಾವಿರ ನಗದು ಕಾಲ ಬುಡಕ್ಕೆ ಬರುತ್ತೇನೆ ಅಂದರೂ ಬೇಡ ಅನ್ನುವ ಮಾರಾಟಗಾರ ಎಲ್ಲಿಯಾದರೂ ಇದ್ದಾನೆಯೇ? ಅವನು ಬೇಡ ಎಂದ. ಲಾರಿಯ ಬಾಡಿಗೆಯನ್ನು ಐದು ನಿಮಿಷದಲ್ಲಿ ಕಳಿಸಿ, ಇನ್ನೊಬ್ಬ ಗಿರಾಕಿ ಕಾಯುತ್ತಿದ್ದಾನೆ ಎಂದ. ಹಾಗಾದರೆ ಅವರಿಗೇ ಕೊಡಿ, ನಮ್ಮ ಎರಡು ಸಾವಿರದ ನೂರು ವಾಪಸ್ಸು ಹಾಕಿ ಎಂದೆ. ಅಲ್ಲಿಗೆ ಮರ್ಯಾದೆ ಮುಗಿಯಿತು. ಮುದುಕನ ಮೇಲೆ ಮಿಲಿಟರಿ ಕೋರ್ಟಿನಲ್ಲಿ ಕೇಸು ಹಾಕುತ್ತೇನೆ, ನಿನ್ನ ಗಂಡನ ನೌಕರಿ ತೆಗೆಸುತ್ತೇನೆ ಎಂದು ಶುರುಮಾಡಿ, ನನಗೆ ಬರೆಯಲಾಗದ ಮಾತು ಎರಡು ಅಂದ.

ಮಾವ ಎದ್ದು ಬಂದು ಫೋನಿನ ಹತ್ತಿರ ಬಾಗಿದರು. ದನಿ ಏರಿಸಲಿಲ್ಲ. ಅವನಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡದೆ ಕನ್ನಡದಲ್ಲೇ ಹೇಳಿದರು: “ನನ್ನ ಮಗಾನೂ ಫೌಜಿನ್ಯಾಗ ಅದಾನ. ಹೆಣ್ಣುಮಕ್ಕಳ ಕೂಡ ಹಿಂಗ ಮಾತಾಡಾಕ ಅಲ್ಲಿ ಕಲಸೋದಿಲ್ಲ. ನೀ ಫೌಜಿನಾವ ಅಲ್ಲ. ಫೋನ್ ಇಡು.” ಅವನು ಇಡುವ ಮೊದಲೇ ತಾವೇ ಇಟ್ಟರು.

ಅಲ್ಲಿಂದಲೇ ಫೋನಿನ ಮೋಸದ ದೂರಿಗೆ ಇರುವ 1930ಕ್ಕೆ ಫೋನು ಮಾಡಿ ದೂರು ಬರೆಸಿದೆ. ಮೊದಲ ಸಲ ಹಣ ಹೋದ ನಂಬರ್, ಎರಡನೆಯ ನಂಬರ್, ರಸೀದಿ, ಚೀಟಿ ಎಲ್ಲ ಕೊಟ್ಟೆ. ಜಾಹೀರಾತಿನ ಕೆಳಗೆ ದೂರುವ ಗುರುತನ್ನೂ ಒತ್ತಿದೆ, ಎರಡು ದಿನದಲ್ಲಿ ಆ ಜಾಹೀರಾತು ಹೋಯಿತು. ಎರಡು ಸಾವಿರದ ನೂರು ಇನ್ನೂ ಬಂದಿಲ್ಲ, ಬರುತ್ತದೆ ಎಂದು ನಾನು ಕಾಯುತ್ತಲೂ ಇಲ್ಲ. ಅತ್ತೆಗೆ ಹೇಳುವುದು ಹೇಗೆ ಎಂದು ಮಾವ ದಾರಿಯುದ್ದಕ್ಕೂ ಹೆದರಿದರು. ಅತ್ತೆ ಕೇಳಿ, ಹನ್ನೆರಡು ಸಾವಿರ ಹೋಗುವ ಕಡೆ ಎರಡು ಸಾವಿರ ಹೋಯಿತಲ್ಲ ಎಂದು ಒಲೆಯ ಕಡೆ ತಿರುಗಿದರು. ಆ ದಿನ ಸಜ್ಜೆ ರೊಟ್ಟಿಯ ಜೊತೆ ಮಾವನಿಗೆ ಬೆಣ್ಣೆ ತುಸು ಹೆಚ್ಚೇ ಬಿತ್ತು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬುಧವಾರ ಸಂಜೆ ಮಾವ ಎಮ್ಮೆ ಕಟ್ಟಿ ಬಂದು ನನ್ನ ಎದುರಿಗೆ ಕೂತರು. “ಗಾಡಿ ಸುಳ್ಳಲ್ಲವ್ವ, ಮಾರಾವ ಸುಳ್ಳು. ಆ ಗಾಡಿ ಆದೋನ್ಯಾಗ ಎಲ್ಲೋ ನಿಂತೈತಿ. ಅದರ ಖರೇ ಮಾಲಕರು ಯಾರದಾರ ನೋಡೂಣು” ಎಂದರು. ನನಗೂ ಅದೇ ಕೊರೆಯುತ್ತಿತ್ತು. ಯಾರದೋ ಗಾಡಿಯನ್ನು ತೋರಿಸಿ ಅವನು ಇನ್ನೆಷ್ಟು ಜನರ ಹತ್ತಿರ ಗೇಟ್ ಪಾಸ್ ಕೇಳಿದ್ದಾನೋ, ಅವರಿಗೆ ಒಂದು ಮಾತು ಹೇಳಬೇಕಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಆದೋನಿಗೆ ಹೋದೆವು. ನಿಮ್ಮ ಜೊತೆ ಹತ್ತನೇ ತರಗತಿಯಲ್ಲಿ ಓದಿದ ಮೌಲಾಲಿ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಹಾಕಿದ್ದಾನಲ್ಲ, ಅವನಿಗೆ ಫೋಟೋ ತೋರಿಸಿದೆ. ಗಾಡಿಯನ್ನಲ್ಲ, ಗೇಟನ್ನು ನೋಡಿ ಗುರುತು ಹಿಡಿದ. ಸೋಮಶೇಖರಪ್ಪನವರ ಹತ್ತಿ ಮಿಲ್ಲಿನ ಗೇಟು ಅದು ಎಂದು ತನ್ನ ಗಾಡಿಯ ಹಿಂದೆ ನಮ್ಮ ಆಟೋ ಬರುವಂತೆ ಮಾಡಿ ಕರೆದುಕೊಂಡು ಹೋದ.

ಗೇಟಿನ ಒಳಗೆ, ಫೋಟೋದಲ್ಲಿ ಇದ್ದ ಜಾಗದಲ್ಲೇ, ಬೂದು ಬಣ್ಣದ ಸ್ಕೂಟರ್ ನಿಂತಿತ್ತು. ಮಾವ ನೋಡಿ ನಿಂತುಬಿಟ್ಟರು. ಒಳಗಿನಿಂದ ಒಬ್ಬ ಹುಡುಗಿ ಬಂದಳು. ಸೋಮಶೇಖರಪ್ಪನವರ ಮಗಳು ಪ್ರತಿಮಾ, ಬಳ್ಳಾರಿಯಲ್ಲಿ ಬ್ಯಾಂಕ್ ಕೆಲಸ ಸಿಕ್ಕಿದೆ, ಅದಕ್ಕೇ ಗಾಡಿ ಮಾರುತ್ತಿದ್ದಾಳೆ. ಯಾರು ಏನು ಎಂದು ಕೇಳಿದಳು. ಮಾವನಿಗೆ ಎಲ್ಲಿಂದ ಶುರುಮಾಡಬೇಕು ತಿಳಿಯದೆ, ನನ್ನ ಮಗ ಮಿಲಿಟರಿಯಲ್ಲಿ ಇದ್ದಾನವ್ವ, ಈ ಗಾಡಿಯ ವಿಷಯಕ್ಕೆ ಬಂದೆವು ಎಂದರು. ಆ ಮಾತು ಕೇಳಿದ್ದೇ ತಡ, ಹುಡುಗಿ ಹಿಂದೆ ಸರಿದು ಗೇಟಿಗೆ ಕೈ ಹಾಕಿದಳು. ತಂದೆಯನ್ನು ಕೂಗಿದಳು. ಸೋಮಶೇಖರಪ್ಪನವರು ಹಣೆಗೆ ವಿಭೂತಿ, ಹೆಗಲಿಗೆ ಟವೆಲು, ಹೊರಗೆ ಬಂದವರೇ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು: “ಮಿಲಿಟರಿ ಮಂದಿ ಹೆಸರು ಹೇಳ್ಕೊಂಡು ಈ ತಿಂಗಳದಾಗ ನೀವು ಎರಡನೇದವ್ರು. ಪೊಲೀಸ್ರನ್ನ ಕರೀಲೇನು?”

ನಿಮ್ಮಪ್ಪನ ಮುಖ ಆಗ ಹೇಗಾಯಿತು ಎಂದು ನಾನು ಬರೆಯುವುದಿಲ್ಲ. ನಿಮ್ಮ ಫೋಟೋ ತೆಗೆದು ತೋರಿಸಲು ಫೋನಿಗೆ ಕೈ ಹಾಕಿದರು. ನಾನು ಕೈ ಹಿಡಿದೆ. ಫೋಟೋ ಅವನೂ ತೋರಿಸಿದ್ದ, ಚೀಟಿ ಅವನೂ ತೋರಿಸಿದ್ದ. ಅದನ್ನೇ ನಾವೂ ತೋರಿಸಿದರೆ ಅವರು ಯಾಕೆ ನಂಬಬೇಕು? ನಾನು ಹೇಳಿದೆ, ನಮ್ಮನ್ನು ನೀವು ನಂಬಬೇಡಿ ಸಾರ್, ನಿಮ್ಮನ್ನು ನಾವೂ ನಂಬುವುದಿಲ್ಲ. ಗಾಡಿ ನಿಮ್ಮ ಗೇಟಿನ ಒಳಗೇ ಇರಲಿ, ಹಣ ನಮ್ಮ ಹತ್ತಿರವೇ ಇರಲಿ. ಕಾಗದ ಎಲ್ಲ ನಿಮ್ಮ ಕಣ್ಣೆದುರು, ನಮ್ಮ ಕಣ್ಣೆದುರು ಆಗಲಿ. ಅಲ್ಲಿಯವರೆಗೆ ಯಾರೂ ಯಾರಿಗೂ ಒಂದು ರೂಪಾಯಿ ಕೊಡುವುದು ಬೇಡ ಎಂದೆ. ಸೋಮಶೇಖರಪ್ಪನವರು ಮೌಲಾಲಿಯ ಮುಖ ನೋಡಿದರು. ಅವನು, ಇವರು ನಮ್ಮೂರವರೇ ಅಪ್ಪಾರೆ ಎಂದ. ಆಗ ಗೇಟು ಪೂರ್ತಿ ತೆರೆಯಿತು, ಮಜ್ಜಿಗೆ ಬಂತು.

ಕೂತು ಮಾತಾಡಿದ ಮೇಲೆ ಎರಡೂ ಕಡೆಯ ಕತೆ ಒಂದಕ್ಕೊಂದು ಕೂಡಿತು. ಪ್ರತಿಮಾ ಗಾಡಿಯ ಫೋಟೋ ಹಾಕಿದ ದಿನವೇ ಒಬ್ಬ ಫೌಜಿಯವನು ಕೊಳ್ಳುತ್ತೇನೆ ಎಂದು ಫೋನು ಮಾಡಿದ್ದನಂತೆ. ಬೆಲೆಗೆ ಚೌಕಾಸಿ ಇಲ್ಲ, ಗಾಡಿ ನೋಡುವುದೂ ಬೇಡ. ಆರ್‌ಸಿಯ ಎರಡೂ ಬದಿಯ ಫೋಟೋ ಕಳಿಸು ಎಂದ, ಕಳಿಸಿದಳು. ಮುಂಗಡ ಹಾಕುತ್ತೇನೆ ಎಂದು ಒಂದು ಚೌಕದ ಗುರುತು ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ನಿನ್ನ ಪಿನ್ ಒತ್ತು, ಹಣ ಬರುತ್ತದೆ ಎಂದ. ಪಿನ್ ಒತ್ತುವ ಹೊತ್ತಿಗೆ ಅವಳ ತಂದೆ ಪಕ್ಕದಲ್ಲಿ ಇದ್ದರು. ಅವರೇ ಹೇಳಿದರು: “ರೊಕ್ಕ ಕೊಡಾಕ ಪಿನ್ ಬೇಕು. ರೊಕ್ಕ ಬರಾಕ ಯಾಕ ಬೇಕು? ಅಷ್ಟ ಕೇಳಿದೆ ನೋಡ್ರಿ, ನನ್ನ ಮಗಳು ಫೋನ್ ಇಟ್ಟುಬಿಟ್ಟಳು.” ಅವಳಿಂದ ಹಣ ಸಿಗಲಿಲ್ಲ, ಫೋಟೋ ಸಿಕ್ಕಿತು. ಅದೇ ಫೋಟೋ ಇಟ್ಟುಕೊಂಡು ಮಾವನಿಗೆ ಮಾರಲು ಕೂತ. ಒಬ್ಬರ ಎದುರು ಕೊಳ್ಳುವ ಸೈನಿಕ, ಇನ್ನೊಬ್ಬರ ಎದುರು ಮಾರುವ ಸೈನಿಕ. ಎರಡೂ ಕಡೆ ತೋರಿಸಿದ ಚೀಟಿ ಒಂದೇ, ನಾವು ಫೋನು ಪಕ್ಕಕ್ಕಿಟ್ಟು ನೋಡಿದೆವು.

ಆಮೇಲೆ ಮಾವ ಎದ್ದು ಗಾಡಿಯ ಹತ್ತಿರ ಹೋದರು. ನೀವು ನೋಡಬೇಕಿತ್ತು. ಎತ್ತಿನ ಸುತ್ತ ಬಂದ ಹಾಗೆ ಎರಡು ಸುತ್ತು ಬಂದರು. ಇವತ್ತು ಇದನ್ನು ಯಾರಾದರೂ ಓಡಿಸಿದ್ದೀರಾ ಎಂದು ಕೇಳಿದರು. ಬೆಳಿಗ್ಗೆ ಓಡಿಸಿದ್ದೇವೆ ಎಂದರು. ಹಾಗಾದರೆ ಇವತ್ತು ಬೇಡ, ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಬರುತ್ತೇವೆ, ಅದಕ್ಕೆ ಮುಂಚೆ ಮುಟ್ಟಬೇಡಿ ಎಂದರು. ಮೌಲಾಲಿ ನಕ್ಕು, ಬಿಸಿ ಎಂಜಿನ್ ತನ್ನ ದೋಷ ಮುಚ್ಚಿಡುತ್ತದೆ, ಇದನ್ನು ಹೇಳಬೇಕೆಂದು ನಾನೇ ಬಾಯಿ ತೆರೆದಿದ್ದೆ ಎಂದ. ಭಾನುವಾರ ಬೆಳಿಗ್ಗೆ ನಾನು ಶಾಲೆಯಲ್ಲಿ ಗಣರಾಜ್ಯೋತ್ಸವದ ಬಾವುಟ ವಂದನೆ ಮುಗಿಸಿ ಬಂದ ಮೇಲೆ ಮತ್ತೆ ಹೋದೆವು. ಮೌಲಾಲಿ ತಣ್ಣಗಿನ ಎಂಜಿನ್ ಶುರುಮಾಡಿ ಹೊಗೆ ನೋಡಿದ, ಬ್ರೇಕು ನೋಡಿದ, ಚಾಸಿಯ ಮೇಲೆ ಕೆತ್ತಿದ ಅಂಕಿ ಓದಿದ, ನಾನು ಆರ್‌ಸಿಯಲ್ಲಿ ಒಂದೊಂದೇ ತಾಳೆ ನೋಡಿದೆ. ಮುಂದಿನ ಟಯರು ಸವೆದಿದೆ ಎಂದು ಸಾವಿರ ಇಳಿಸಿದ. ಐವತ್ತೇಳು ಸಾವಿರಕ್ಕೆ ಮಾತಾಯಿತು. ಮಾವ ಇಪ್ಪತ್ತೆಂಟು ಎಂದುಕೊಂಡದ್ದು ಐವತ್ತೇಳಾಯಿತು, ಉಳಿದದ್ದನ್ನು ನಾನು ನನ್ನ ಸಂಬಳದಲ್ಲಿ ಉಳಿಸಿದ್ದರಿಂದ ಹಾಕಿದೆ. ನನ್ನ ಗಾಡಿಗೆ ನಾನು ಹಾಕಬಾರದೇ?

ಒಂದು ತೊಡಕು ಇತ್ತು. ಆ್ಯಪಿನಲ್ಲಿ ಗಾಡಿಯ ಮೇಲೆ ಬ್ಯಾಂಕಿನ ಸಾಲ ಇದೆ ಎಂದು ಕಾಣುತ್ತಿತ್ತು. ಪ್ರತಿಮಾ ಸಾಲ ತೀರಿಸಿ ವರ್ಷವಾಯಿತು ಎಂದಳು. ತೀರಿಸಿದ್ದಾಳೆ ಎಂದು ನನಗೂ ಅನ್ನಿಸಿತು, ಆದರೆ ಅನ್ನಿಸಿದ ಮಾತ್ರಕ್ಕೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ಹೋಗುವುದಿಲ್ಲವಲ್ಲ. ಬ್ಯಾಂಕಿನ ಕಾಗದ ತಂದು ಆ ಹೆಸರು ತೆಗೆಸಿದ ಮೇಲೆ ಬರುತ್ತೇವೆ ಎಂದೆ. ಸೋಮಶೇಖರಪ್ಪನವರು ಸ್ವಲ್ಪ ಬಿಗುವಾದರು. ಆಮೇಲೆ ತಾವೇ ನಕ್ಕು, ನಾವೂ ಅಂಡಿಗೆ ಚೀಲ ಬಿಚ್ಚಿ ಹತ್ತಿಯ ಎಳೆ ಜಗ್ಗಿ ನೋಡದೆ ಬೆಲೆ ಹೇಳುವುದಿಲ್ಲ, ಟೀಚರಮ್ಮ ಹೇಳುವುದು ಸರಿ ಎಂದರು. ಹತ್ತು ದಿನ ಹಿಡಿಯಿತು. ಈ ಗುರುವಾರ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಯಿಸುವ ಅರ್ಜಿಗೆ ಇಬ್ಬರೂ ಸಹಿ ಹಾಕಿ, ವಿಮೆಯನ್ನೂ ನನ್ನ ಹೆಸರಿಗೆ ಬರೆಸಿ, ರಸೀದಿ ಕೈಗೆ ಬಂದ ಮೇಲೆ ಅಲ್ಲೇ ನಿಂತು ಹಣ ಕಳಿಸಿದೆ. ಮೊದಲು ಒಂದು ರೂಪಾಯಿ. ಪ್ರತಿಮಾ ಬಂತು ಎಂದು ತನ್ನ ಫೋನು ತೋರಿಸಿದ ಮೇಲೆ ಉಳಿದದ್ದು.

ಮನೆಗೆ ಓಡಿಸಿಕೊಂಡು ಬಂದದ್ದು ಮೌಲಾಲಿ, ಸುಳ್ಳು ಯಾಕೆ ಹೇಳಲಿ. ನಾನು ನಿನ್ನೆ, ಇವತ್ತು ಸ್ಟೇಷನ್ ಹಿಂದಿನ ಬಯಲಿನಲ್ಲಿ ಕಲಿಯುತ್ತಿದ್ದೇನೆ. ಒಂದು ಸಲ ಬಿದ್ದೆ, ಗಾಡಿಗೆ ಏನೂ ಆಗಿಲ್ಲ. ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ, ಅದು ಬರುವ ತನಕ ರಸ್ತೆಗೆ ಇಳಿಯುವುದಿಲ್ಲ. ಅತ್ತೆ ಹಿಂದೆ ಕೂತು ಬಯಲು ಸುತ್ತಿದರು, ಇಳಿದ ಮೇಲೆ ನೀವು ಮದುವೆಯಲ್ಲಿ ಕುದುರೆಗೆ ಹೆದರಿದ್ದನ್ನು ಹೇಳಿ ನಕ್ಕರು.

ಒಂದು ಮಾತು ನಿಮ್ಮ ಜೊತೆಯವರಿಗೆ ಹೇಳಿ. ಆ ಚೀಟಿಯ ಮೇಲಿನ ಮುಖ ಸುಳ್ಳು ಮುಖವಲ್ಲ ಎಂದು ನನಗೆ ಅನ್ನಿಸುತ್ತದೆ. ಯಾರೋ ಒಬ್ಬ ನಿಜವಾದ ಸೈನಿಕ ಎಲ್ಲಿಯೋ ತನ್ನ ಚೀಟಿಯ ಫೋಟೋ ಯಾರಿಗೋ ಕಳಿಸಿರಬೇಕು. ಈಗ ಅವನ ಮುಖ ಇಟ್ಟುಕೊಂಡು ಇವರು ಊರೂರು ತಿರುಗುತ್ತಿದ್ದಾರೆ, ಅವನಿಗೆ ಗೊತ್ತೇ ಇಲ್ಲ. ಚೀಟಿಯ ಪ್ರತಿಯನ್ನು ದೂರಿನ ಜೊತೆ ಕೊಟ್ಟಿದ್ದೇನೆ. ನೀವು ನಿಮ್ಮ ಮೇಲಿನವರಿಗೆ ತಿಳಿಸಿ. ನಿಮ್ಮ ಚೀಟಿ ಯಾರಿಗೂ ಕಳಿಸಬೇಡಿ, ನಾನು ಕೇಳಿದರೂ ಕಳಿಸಬೇಡಿ.

ಅತ್ತೆ ಎರಡೂ ಕೈ ಎತ್ತಿ ಹರಸಿದ್ದಾರೆ. ಮಾವ, ಹುಷಾರಾಗಿರು, ಹೊಟ್ಟೆ ತುಂಬ ಉಣ್ಣು ಎಂದು ಬರೆಸಿದ್ದಾರೆ. ಮೌಲಾಲಿ ಸಲಾಂ ಹೇಳಿದ್ದಾನೆ, ಗೋವರ್ಧನನೂ ನಿಮ್ಮನ್ನು ವಿಚಾರಿಸಿದ. ಇಲ್ಲಿ ಎಲ್ಲವನ್ನೂ ನಾನು ನೋಡಿಕೊಳ್ಳುತ್ತೇನೆ, ನೀವು ನಿಮ್ಮ ಬೆರಳುಗಳನ್ನು ನೋಡಿಕೊಳ್ಳಿ.

ನಿಮ್ಮ
ಶಿರೀಷಾ

ತಾ.ಕ.: ಸೋಮವಾರ ಬೆಳಿಗ್ಗೆ, ಅಂಚೆ ಕಚೇರಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಆಟೋ ಹಾರ್ನ್ ಹೊಡೆಯುತ್ತಿದೆ. ಮೇಲಿನದ್ದೆಲ್ಲ ಮಾವನಿಗೆ ಓದಿ ಹೇಳಿದ್ದೇನೆ, ಇದನ್ನು ಹೇಳಿಲ್ಲ. ದೂರಿಗೆ ನಂಬರ್ ಬೇಕೆಂದು ಅವರ ಫೋನು ತೆರೆದಾಗ, ಒಂಬತ್ತು ದಿನದಲ್ಲಿ ಮಾವ ಆ ಮನುಷ್ಯನಿಗೆ ಮೂವತ್ತೊಂದು ಸಲ ಫೋನು ಮಾಡಿದ್ದು ಕಂಡಿತು. ಆ ಫೋನು ಮಾತನ್ನೆಲ್ಲ ತಾನೇ ಹಿಡಿದಿಡುತ್ತದೆ. ರಾತ್ರಿ ಕೂತು ಎಲ್ಲ ಕೇಳಿದೆ. ಸ್ಕೂಟರಿನ ಮಾತು ನಾಲ್ಕೈದು ಸಲ ಇದೆ, ಅಷ್ಟೇ. ಉಳಿದದ್ದೆಲ್ಲ, ಸಂತೆಯಲ್ಲಿ ಕಲಿತ ಅರ್ಧ ಹಿಂದಿಯಲ್ಲಿ, ಮೇಲೆ ಹಿಮದಲ್ಲಿ ಚಳಿ ಎಷ್ಟಿರುತ್ತದೆ, ಅನ್ನ ಬಿಸಿ ಇರುತ್ತದೆಯೇ, ರಾತ್ರಿ ಹೊದೆಯಲು ಏನು ಕೊಡುತ್ತಾರೆ. ನಿಮ್ಮ ಹೆಸರನ್ನು ಇವರೇ ಹೇಳಿದ್ದಾರೆ. ಆಂಜಿನೇಯನೇ? ನಮ್ಮ ಪಕ್ಕದ ತುಕಡಿಯವನೇ, ಹೋದ ವಾರ ಮೇಲೆ ಹೋಗಿದ್ದಾಗ ಜೊತೆಗೆ ಊಟ ಮಾಡಿದೆ, ಗಟ್ಟಿಮುಟ್ಟಾಗಿದ್ದಾನೆ ಎಂದು ಅವನು ಹೇಳಿದ್ದಾನೆ. ಅದಕ್ಕೇ ಮಾವನಿಗೆ ಬೆಟ್ಟ ಕಾಣಲಿಲ್ಲ, ಬೆಲೆ ಕಾಣಲಿಲ್ಲ. ಆ ಮಂಗಳವಾರ ಅಂಗಡಿಯಿಂದ ನಡೆದು ಬರುವಾಗ ನನ್ನನ್ನು ಕೇಳಿದರು: “ಹಂಗಾದ್ರ ಆಂಜಿನೇಯನ್ನ ನೋಡೀನಿ ಅಂದದ್ದೂ ಸುಳ್ಳೇನವ್ವ?” ದಾರಿ ತೆರೆದ ಮೊದಲ ಟಪಾಲಿಗೇ ಅವರಿಗೆ ಬೇರೆ ಕಾಗದ ಬರೆಯಿರಿ. ಲಕೋಟೆಯ ಮೇಲೆ ದುರುಗಣ್ಣ ಎಂದು ದಪ್ಪಕ್ಷರದಲ್ಲಿ ಇರಲಿ, ಅದೊಂದನ್ನು ಅವರು ಗುರುತು ಹಿಡಿಯುತ್ತಾರೆ. ಜಾಗದ ಹೆಸರು ಬೇಡ. ಏನು ಉಂಡಿರಿ, ಪಕ್ಕದಲ್ಲಿ ಯಾರು ಮಲಗುತ್ತಾರೆ, ಬೆರಳು ನಿಜವಾಗಿ ಹೇಗಿದೆ, ಅಷ್ಟು ಬರೆಯಿರಿ, ನಾನು ಓದಿ ಹೇಳುತ್ತೇನೆ. ನನಗೆ ಆಮೇಲೆ ಬರೆದರೂ ನಡೆಯುತ್ತದೆ.